ಅರ್ಧ ಟ್ಯಾಂಕ್ ಮುಗಿದ ಮೇಲೆ ಮೂಗು ಎತ್ತಿದರೆ ಎಂಜಿನ್ ನಿಲ್ಲುತ್ತಿದೆ: ಮಫ್ಲರ್ ಒತ್ತಡ ಸಾಲುತ್ತಿಲ್ಲವೇ?

ರಾಗಿಹೊಲ, ಶನಿವಾರ ರಾತ್ರಿ

ಎಲ್ಲರಿಗೂ ನಮಸ್ಕಾರ. ಎರಡು ವರ್ಷ ಸಂಜೆಗಳನ್ನು ಕೂಡಿಸಿ ಎಚ್‌ಟಿ-2 ವಿಮಾನದ ಮಾದರಿಯೊಂದನ್ನು ಕಟ್ಟಿದ್ದೇನೆ. ನಮ್ಮ ಬೆಂಗಳೂರಿನ ಎಚ್‌ಎಎಲ್‌ನಲ್ಲೇ ವಿನ್ಯಾಸಗೊಂಡು 1951ರಲ್ಲಿ ಮೊದಲ ಬಾರಿ ಹಾರಿದ ತರಬೇತಿ ವಿಮಾನ ಅದು. ನನ್ನ ತಂದೆ ಅದೇ ಕಾರ್ಖಾನೆಯಲ್ಲಿ ತಗಡಿನ ಕೆಲಸ ಮಾಡುತ್ತಿದ್ದರು. ಹಾಗಾಗಿ ಬೇರೆ ವಿಮಾನ ಕಟ್ಟಲು ಮನಸ್ಸಾಗಲಿಲ್ಲ. ಏಳನೇ ಒಂದರ ಅಳತೆ, ರೆಕ್ಕೆ ತುದಿಯಿಂದ ತುದಿಗೆ ಒಂದೂವರೆ ಮೀಟರ್. .46 ಘನ ಇಂಚು ಗಾತ್ರದ ಎರಡು ಸ್ಟ್ರೋಕಿನ ಗ್ಲೋ ಎಂಜಿನ್ (ಕಾದ ಪ್ಲಗ್‌ನಿಂದ ಇಂಧನ ಹೊತ್ತಿಸುವ ಎಂಜಿನ್) ಅನ್ನು ತಲೆಕೆಳಗಾಗಿ ಕೂರಿಸಿದ್ದೇನೆ. 11×6 ಇಂಚಿನ ಪ್ರೊಪೆಲ್ಲರ್, 300 ಮಿ.ಲೀ. ಟ್ಯಾಂಕ್. ಇಂಧನದಲ್ಲಿ 80 ಭಾಗ ಮೆಥನಾಲ್, 20 ಭಾಗ ಹರಳೆಣ್ಣೆ, ನೈಟ್ರೋಮೀಥೇನ್ ಇಲ್ಲ. ಹೊಗೆ ಹೊರಬಿಡುವ ಮಫ್ಲರ್‌ನ ನಿಪ್ಪಲ್‌ನಿಂದ ಟ್ಯಾಂಕಿನ ಗಾಳಿ ಕೊಳವೆಗೆ ಸಿಲಿಕೋನ್ ಟ್ಯೂಬ್ ಎಳೆದಿದ್ದೇನೆ.

ಮಾಗಡಿ ರಸ್ತೆಯಾಚೆ ಚಿಕ್ಕಪ್ಪನ ಹೊಲದಲ್ಲಿ, ರಾಗಿ ಕೊಯ್ಲಾದ ಮೇಲೆ ಹಾರಿಸುತ್ತೇನೆ. ಮೊದಲ ಐದು ನಿಮಿಷ ಏನೂ ತೊಂದರೆಯಿಲ್ಲ. ಟ್ಯಾಂಕ್ ಅರ್ಧ ಖಾಲಿಯಾದ ಮೇಲೆ ಮೂಗು ಎತ್ತಿ ಮೇಲೇರಿಸಿದರೆ ಧ್ವನಿ ಕೀರಲಾಗಿ, ಒಮ್ಮೆ ಸೊರಗಿ, ಎಂಜಿನ್ ನಿಂತೇಬಿಡುತ್ತದೆ. ಮೂರು ಬಾರಿ ಎಂಜಿನ್ ಇಲ್ಲದೆಯೇ ಇಳಿಸಬೇಕಾಯಿತು. ಕಳೆದ ವಾರ ಹೊಲದ ಬದುವಿಗೆ ತಗುಲಿ ಒಂದು ಚಕ್ರದ ಕಾಲು ಮುರಿಯಿತು.

ಇಂಧನದ ಹರಿವನ್ನು ಹೆಚ್ಚುಕಡಿಮೆ ಮಾಡುವ ನೀಡಲ್ ಅನ್ನು ತೆರೆದು ನೋಡಿದೆ. ಆಗ ಪೂರ್ತಿ ಟ್ಯಾಂಕ್ ಇರುವಾಗ ಎಂಜಿನ್ ಹೊಗೆಯುಗುಳುತ್ತಾ ಮಂಕಾಗಿ ಓಡುತ್ತದೆ. ಮಫ್ಲರ್ ಒತ್ತಡವೇ ಸಾಲದು, ಕ್ರ್ಯಾಂಕ್‌ಕೇಸ್‌ನಿಂದ (ಕ್ರ್ಯಾಂಕ್ ತಿರುಗುವ ಎಂಜಿನ್ ಗೂಡಿನಿಂದ) ಒತ್ತಡ ತೆಗೆದುಕೊಳ್ಳಬೇಕು ಎಂದು ಪರಿಚಿತರೊಬ್ಬರು ಹೇಳುತ್ತಿದ್ದಾರೆ. ಕೊರೆಯುವ ಮೊದಲು ಇಲ್ಲಿ ಕೇಳೋಣ ಎನ್ನಿಸಿತು.

ನೀಲಿಹೊಗೆ, ಶನಿವಾರ ರಾತ್ರಿ

ದಯವಿಟ್ಟು ಕ್ರ್ಯಾಂಕ್‌ಕೇಸ್ ಕೊರೆಯಬೇಡಿ. ಬೆಳಿಗ್ಗೆ ವಿವರವಾಗಿ ಬರೆಯುತ್ತೇನೆ.

ಹಳೆಯ ಫಿಟ್ಟರ್, ಭಾನುವಾರ ಬೆಳಿಗ್ಗೆ

ಎಚ್‌ಟಿ-2 ಎಂದು ಓದಿ ಸಂತೋಷವಾಯಿತು. ನಿಜವಾದ ವಿಮಾನದ ಸಿರಸ್ ಮೇಜರ್ ಎಂಜಿನ್ ಕೂಡ ಸಿಲಿಂಡರ್‌ಗಳು ಕೆಳಮುಖವಾಗಿದ್ದ ಎಂಜಿನ್ನೇ. ನೀವು ತಲೆಕೆಳಗಾಗಿ ಕೂರಿಸಿದ್ದು ಸರಿಯಾಗಿಯೇ ಇದೆ. ಆದರೆ ಹಾಗೆ ಕೂರಿಸಿದಾಗ ಕಾರ್ಬುರೇಟರ್ ಕೂಡ ಕೆಳಗೆ ಹೋಗುತ್ತದೆ ಎಂಬುದನ್ನು ಬಹಳ ಜನ ಮರೆಯುತ್ತಾರೆ. ಟ್ಯಾಂಕ್ ಮಾತ್ರ ಮೇಲೆಯೇ ಉಳಿದಿರುತ್ತದೆ.

ಮೊದಲು ಒಂದು ಅಳತೆ ಹೇಳಿ. ವಿಮಾನವನ್ನು ಸಮತಟ್ಟಾಗಿ ನಿಲ್ಲಿಸಿ, ಟ್ಯಾಂಕಿನ ನಡುಗೆರೆ ಎಲ್ಲಿದೆ, ಕಾರ್ಬುರೇಟರ್‌ಗೆ ಇಂಧನ ಬಂದು ಬೀಳುವ ಸ್ಪ್ರೇಬಾರ್ ಎಲ್ಲಿದೆ? ಎರಡರ ನಡುವಿನ ಎತ್ತರ ಎಷ್ಟು? ನಡುಗೆರೆ ಸ್ಪ್ರೇಬಾರ್‌ನ ಮಟ್ಟದಲ್ಲೇ ಇರಬೇಕು, ಇಲ್ಲವೇ ಕೆಲವು ಮಿಲಿಮೀಟರ್ ಕೆಳಗಿರಬೇಕು. ಒತ್ತಡದ ಮಾತು ಅದರ ನಂತರದ್ದು.

ರಾಗಿಹೊಲ, ಭಾನುವಾರ ಬೆಳಿಗ್ಗೆ

ಅಳೆದೆ ಸರ್. ಟ್ಯಾಂಕಿನ ನಡುಗೆರೆ ಸ್ಪ್ರೇಬಾರ್‌ಗಿಂತ 22 ಮಿ.ಮೀ. ಮೇಲಿದೆ. ಕಟ್ಟುವಾಗ ಇದು ಹೊಳೆಯಲಿಲ್ಲ.

ನೀಲಿಹೊಗೆ, ಭಾನುವಾರ ಬೆಳಿಗ್ಗೆ

ಅದನ್ನು ಸರಿಪಡಿಸಲೇಬೇಕು. ಆದರೂ ಅದೊಂದೇ ಕಾರಣ ಎಂದು ನನಗೆ ಅನ್ನಿಸುವುದಿಲ್ಲ. ಹೊಸಬರಿಗೂ ಉಪಯೋಗವಾಗಲಿ ಎಂದು ಬುಡದಿಂದ ಹೇಳುತ್ತೇನೆ.

ಗ್ಲೋ ಎಂಜಿನ್ನಿನ ಕಾರ್ಬುರೇಟರ್ ಎಂದರೆ ನಡುವೆ ಕಿರಿದಾದ ಒಂದು ದಾರಿ. ಗಾಳಿ ಆ ಕಿರಿದಾದ ಜಾಗದಲ್ಲಿ ವೇಗವಾಗಿ ಹರಿಯುವಾಗ ಅಲ್ಲಿ ಒತ್ತಡ ಇಳಿಯುತ್ತದೆ. ಆ ಇಳಿತವೇ ಇಂಧನವನ್ನು ಟ್ಯಾಂಕಿನಿಂದ ಎಳೆಯುತ್ತದೆ. ದಾರಿ ಕಿರಿದಾದಷ್ಟೂ ಎಳೆತ ಜೋರು, ಆದರೆ ಒಳಗೆ ಹೋಗುವ ಗಾಳಿ ಕಡಿಮೆ, ಶಕ್ತಿಯೂ ಕಡಿಮೆ. ಶಕ್ತಿ ಬೇಕೆಂದು ತಯಾರಕರು ದಾರಿಯನ್ನು ಅಗಲ ಮಾಡುತ್ತಾರೆ. ಆಗ ಎಳೆತ ಸೊರಗುತ್ತದೆ. ಆ ಕೊರತೆಯನ್ನು ತುಂಬಲು ಮಫ್ಲರ್‌ನಲ್ಲಿ ಸಿಕ್ಕಿಕೊಂಡ ಹೊಗೆಯ ಒತ್ತಡವನ್ನು ಟ್ಯಾಂಕಿಗೆ ಕೊಟ್ಟು ಇಂಧನವನ್ನು ಹಿಂದಿನಿಂದ ತಳ್ಳುತ್ತೇವೆ. ಇದರ ಸೊಗಸೇನೆಂದರೆ, ಥ್ರಾಟಲ್ ಏರಿಸಿದಾಗ ಎಂಜಿನ್‌ಗೆ ಹೆಚ್ಚು ಇಂಧನ ಬೇಕು, ಅದೇ ಹೊತ್ತಿಗೆ ಹೊಗೆ ಹೆಚ್ಚಿ ಒತ್ತಡವೂ ಏರುತ್ತದೆ. ಇಳಿಸಿದಾಗ ಎರಡೂ ಇಳಿಯುತ್ತವೆ.

ಕ್ರ್ಯಾಂಕ್‌ಕೇಸ್‌ನ ಒತ್ತಡ ಇದಕ್ಕಿಂತ ಎಷ್ಟೋ ಪಾಲು ಹೆಚ್ಚು. ಜಪಾನಿನ ವೈಎಸ್ ಎಂಜಿನ್‌ಗಳು ಅದನ್ನೇ ಬಳಸುತ್ತವೆ, ನಿಜ. ಆದರೆ ಅವುಗಳಲ್ಲಿ ಇಂಧನವನ್ನು ಅಳೆದು ಬಿಡುವ ರೆಗ್ಯುಲೇಟರ್ ಎಂಜಿನ್ನಿನಲ್ಲೇ ಇರುತ್ತದೆ. ನಿಮ್ಮ ಸಾಮಾನ್ಯ ನೀಡಲ್‌ಗೆ ಆ ಒತ್ತಡ ಕೊಟ್ಟರೆ ಥ್ರಾಟಲ್ ಇಳಿಸಿದ ಕೂಡಲೇ ಎಂಜಿನ್ ಇಂಧನದಲ್ಲಿ ಮುಳುಗಿ ನಿಲ್ಲುತ್ತದೆ.

ವೃತ್ತದಾರ, ಭಾನುವಾರ ಮಧ್ಯಾಹ್ನ

ನಾನು ತಂತಿ ಹಿಡಿದು ವೃತ್ತದಲ್ಲಿ ಹಾರಿಸುವ ಪಂಗಡದವನು. ಮಫ್ಲರ್ ಒತ್ತಡವಿಲ್ಲದೆ ಎಷ್ಟೋ ವರ್ಷ ಲೂಪ್ ಹೊಡೆದಿದ್ದೇನೆ. ಕಿರಿದಾದ ವೆಂಚುರಿ (ಕಾರ್ಬುರೇಟರ್‌ನ ಗಾಳಿದಾರಿ) ಹಾಕಿ, ಟ್ಯಾಂಕಿನ ಗಾಳಿ ಕೊಳವೆಯ ಒಳತುದಿಯನ್ನು ಇಂಧನ ಹೀರುವ ಕೊಳವೆಯ ತುದಿಯ ಪಕ್ಕದಲ್ಲೇ ಬಿಟ್ಟರೆ ಸಾಕು. ಅದನ್ನು ಯೂನಿಫ್ಲೋ ಟ್ಯಾಂಕ್ ಎನ್ನುತ್ತೇವೆ. ಟ್ಯಾಂಕ್ ತುಂಬಿರಲಿ, ತಳ ಕಾಣಲಿ, ಎಂಜಿನ್‌ಗೆ ಇಂಧನದ ಎತ್ತರ ಒಂದೇ ತೆರನಾಗಿ ತೋರುತ್ತದೆ. ಎಂಜಿನ್‌ಗೆ ಹೊಗೆಯ ಊರುಗೋಲು ಏಕೆ ಬೇಕು ಎಂಬುದು ನನ್ನ ಪ್ರಶ್ನೆ.

ನೀಲಿಹೊಗೆ, ಭಾನುವಾರ ಮಧ್ಯಾಹ್ನ

ನಿಮ್ಮ ಮಾತು ನಿಮ್ಮ ವಿಮಾನಕ್ಕೆ ಸರಿ. ನಿಮ್ಮ ಎಂಜಿನ್ ಹಾರುವಷ್ಟು ಹೊತ್ತೂ ಹೆಚ್ಚುಕಡಿಮೆ ಒಂದೇ ವೇಗದಲ್ಲಿ ಓಡುತ್ತದೆ, ಥ್ರಾಟಲ್‌ನ ಏರಿಳಿತವಿಲ್ಲ, ಟ್ಯಾಂಕ್ ಎಂಜಿನ್ನಿನ ಬೆನ್ನಿಗೇ ಅಂಟಿರುತ್ತದೆ. ಇವರದ್ದು ಅಗಲ ಬಾಯಿಯ ಕಾರ್ಬುರೇಟರ್. ಜೊತೆಗೆ ಎಚ್‌ಟಿ-2ರ ಮೂಗು ಉದ್ದ. ಟ್ಯಾಂಕಿನ ಹಿಂಬದಿಯಿಂದ ಸ್ಪ್ರೇಬಾರ್‌ಗೆ ಎಷ್ಟು ದೂರ ಎಂದು ಅವರು ಹೇಳಿದರೆ ಲೆಕ್ಕ ಹಾಕಬಹುದು.

ರಾಗಿಹೊಲ, ಭಾನುವಾರ ಮಧ್ಯಾಹ್ನ

17 ಸೆಂ.ಮೀ.

ನೀಲಿಹೊಗೆ, ಭಾನುವಾರ ಸಂಜೆ

ಹಾಗಾದರೆ ನೋಡಿ. ಮೂಗನ್ನು ನೇರ ಆಕಾಶಕ್ಕೆ ಎತ್ತಿದರೆ, ಟ್ಯಾಂಕಿನ ತಳದಲ್ಲಿ ಉಳಿದ ಇಂಧನ 17 ಸೆಂ.ಮೀ. ಮೇಲಕ್ಕೆ ಹತ್ತಬೇಕು. ನಮ್ಮ ಮಿಶ್ರಣ ನೀರಿಗಿಂತ ಹಗುರ. ನೀರಿನ ಲೆಕ್ಕದಲ್ಲಿ ಅದು ಸುಮಾರು 14ರಿಂದ 15 ಸೆಂ.ಮೀ. ಎತ್ತರದ ಕಂಬಕ್ಕೆ ಸಮ. ಟ್ಯಾಂಕ್ ತುಂಬಿದ್ದಾಗ ಈ ಎತ್ತರ ಕಡಿಮೆ, ಖಾಲಿಯಾದಂತೆಲ್ಲ ಹೆಚ್ಚು. ಮಫ್ಲರ್ ಇಷ್ಟನ್ನು ಸುಲಭವಾಗಿ ಎತ್ತಬೇಕು. ಎತ್ತುತ್ತಿದೆಯೇ ಎಂದು ಊಹಿಸುವ ಬದಲು ಅಳೆದುಬಿಡಿ.

ಔಷಧಿ ಅಂಗಡಿಯಲ್ಲಿ ಡ್ರಿಪ್ ಹಾಕುವ ಟ್ಯೂಬ್ ಸಿಗುತ್ತದೆ. ಅದನ್ನು ಇಂಗ್ಲಿಷಿನ ಯು ಅಕ್ಷರದಂತೆ ಬಾಗಿಸಿ ಒಂದು ಹಲಗೆಗೆ ಕಟ್ಟಿ, ಬಣ್ಣದ ನೀರು ತುಂಬಿ. ಒತ್ತಡದ ಟ್ಯೂಬಿಗೆ ಟಿ ಆಕಾರದ ಜೋಡಣೆ ಹಾಕಿ ಒಂದು ತುದಿಯನ್ನು ಅದಕ್ಕೆ ಸೇರಿಸಿ, ಇನ್ನೊಂದನ್ನು ತೆರೆದಿಡಿ. ಎರಡೂ ತೋಳುಗಳು ಅರ್ಧ ಮೀಟರ್ ಉದ್ದವಿರಲಿ, ಇಲ್ಲವಾದರೆ ನೀರು ಹೊರಕ್ಕೆ ಚಿಮ್ಮುತ್ತದೆ. ಹಲಗೆ ವಿಮಾನದ ಬಾಲದ ಕಡೆ ಇರಲಿ. ಪ್ರೊಪೆಲ್ಲರ್ ತಿರುಗುವ ಸಾಲಿನಲ್ಲಿ ಯಾರೂ ನಿಲ್ಲಬಾರದು, ಅಳತೆ ಓದುವವರೂ ನಿಲ್ಲಬಾರದು.

ಅಳತೆ ಕಡಿಮೆ ಬಂದರೆ ನಿಪ್ಪಲ್ ಬಿಚ್ಚಿ ನೋಡಿ. ಹರಳೆಣ್ಣೆ ಎಂಜಿನ್ನನ್ನು ಕಾಪಾಡುವಷ್ಟು ಬೇರಾವುದೂ ಕಾಪಾಡುವುದಿಲ್ಲ, ಆದರೆ ಸುಟ್ಟರೆ ಬೆಲ್ಲದ ಪಾಕದಂತೆ ಗಟ್ಟಿಯಾಗಿ ಆ ಸಣ್ಣ ರಂಧ್ರವನ್ನು ಮುಚ್ಚುತ್ತದೆ. ಮಫ್ಲರ್‌ನ ಎರಡು ಭಾಗ ಸೇರುವ ಜಾಗ, ಎಂಜಿನ್‌ಗೆ ಕೂರುವ ಜಾಗ, ಎರಡರಲ್ಲೂ ಕಪ್ಪು ಎಣ್ಣೆ ಒಸರಿದೆಯೇ ನೋಡಿ. ಒಸರಿದ್ದರೆ ಒತ್ತಡ ಅಲ್ಲೇ ಸೋರುತ್ತಿದೆ.

ಕರಾವಳಿ ಹುಡುಗ, ಭಾನುವಾರ ರಾತ್ರಿ

ನಡುವೆ ಬಾಯಿ ಹಾಕುತ್ತಿದ್ದೇನೆ, ಕ್ಷಮಿಸಿ. ಮಂಗಳೂರಿನಲ್ಲಿ ಚೆನ್ನಾಗಿ ಓಡುತ್ತಿದ್ದ ನನ್ನ ಎಂಜಿನ್ ಬೆಂಗಳೂರಿಗೆ ತಂದ ಮೇಲೆ ಮಂಕಾಗಿದೆ. ನನ್ನದೂ ಮಫ್ಲರ್ ಒತ್ತಡದ ದೋಷವಿರಬಹುದೇ?

ಹಳೆಯ ಫಿಟ್ಟರ್, ಭಾನುವಾರ ರಾತ್ರಿ

ಅಲ್ಲ ತಮ್ಮಾ. ಬೆಂಗಳೂರು ಸಮುದ್ರಮಟ್ಟದಿಂದ ಸುಮಾರು 920 ಮೀಟರ್ ಎತ್ತರದಲ್ಲಿದೆ. ಇಲ್ಲಿಯ ಗಾಳಿ ನಿಮ್ಮೂರಿನ ಗಾಳಿಗಿಂತ ಶೇ. 8ರಿಂದ 9ರಷ್ಟು ತೆಳು. ಗಾಳಿ ಕಡಿಮೆ, ಇಂಧನ ಮೊದಲಿನಷ್ಟೇ. ಹಾಗಾಗಿ ಮಿಶ್ರಣ ಗಟ್ಟಿಯಾಗಿದೆ. ನೀಡಲ್ ಅನ್ನು ಸ್ವಲ್ಪ ಸ್ವಲ್ಪವೇ ಮುಚ್ಚುತ್ತಾ ಬನ್ನಿ. ಊರಿಗೆ ಹೋದಾಗ ಮತ್ತೆ ತೆರೆಯುವುದನ್ನು ಮರೆಯಬೇಡಿ. ಮರೆತರೆ ಅಲ್ಲಿ ಇಂಧನ ಸಾಲದೆ ಎಂಜಿನ್ ಕಾದು ಕೆಡುತ್ತದೆ.

ಇನ್ನೊಂದು ಮಾತು. ಮೆಥನಾಲ್ ಗಾಳಿಯಲ್ಲಿನ ತೇವವನ್ನು ಹೀರುತ್ತದೆ. ಡಬ್ಬದ ಮುಚ್ಚಳ ಬಿಗಿಯಾಗಿರಲಿ.

ರಾಗಿಹೊಲ, ಗುರುವಾರ ರಾತ್ರಿ

ಅಳೆದೆ. ಬರೆಯಲು ತಡವಾಯಿತು, ಟ್ಯಾಂಕ್ ಇಳಿಸಲು ಒಳಗಿನ ಪ್ಲೈವುಡ್ ಚೌಕಟ್ಟನ್ನು ಕತ್ತರಿಸಬೇಕಾಯಿತು. ಈಗ ನಡುಗೆರೆ ಸ್ಪ್ರೇಬಾರ್‌ಗಿಂತ 5 ಮಿ.ಮೀ. ಕೆಳಗಿದೆ.

ಡ್ರಿಪ್ ಟ್ಯೂಬನ್ನು ಮಗಳ ಡ್ರಾಯಿಂಗ್ ಹಲಗೆಗೆ ಕಟ್ಟಿ ಕೆಂಪು ಇಂಕ್ ಬೆರೆಸಿದ ನೀರು ತುಂಬಿದೆ. ನಾನು ವಿಮಾನದ ಬಾಲ ಹಿಡಿದಿದ್ದೆ, ಮಗಳು ಹಿಂದೆ ನಿಂತು ಓದುತ್ತಿದ್ದಳು. ನಿಧಾನ ಓಟದಲ್ಲಿ ನೀರು ಎರಡು ಬೆರಳಿನಷ್ಟು ಏರಿ ನಡುಗುತ್ತಾ ನಿಂತಿತು. ಥ್ರಾಟಲ್ ಏರಿಸುತ್ತಾ ಹೋದಂತೆ ಕೆಂಪು ಗೆರೆಯೂ ಜೊತೆಜೊತೆಗೇ ಏರಿತು. ಪೂರ್ತಿ ತೆರೆದಾಗ ಎರಡು ತೋಳುಗಳ ವ್ಯತ್ಯಾಸ 30 ಸೆಂ.ಮೀ. ದಾಟಿತು. ಇಷ್ಟು ವರ್ಷ ಕಿವಿಯಿಂದ ಊಹಿಸಿದ್ದನ್ನು ಕಣ್ಣಿನಿಂದ ನೋಡಿದ ಹಾಗಾಯಿತು.

ನಿಪ್ಪಲ್ ಬಿಚ್ಚಿದೆ. ಒಳಗೆ ಕಂದು ಅಂಟು ಇತ್ತು, ಆದರೆ ರಂಧ್ರ ತೆರೆದಿತ್ತು. ಸ್ವಚ್ಛ ಮಾಡಿ ಹಾಕಿದೆ. ಬುಧವಾರ ರಜೆ ಹಾಕಿ ಹೊಲಕ್ಕೆ ಹೋಗಿ ಹಾರಿಸಿದೆ. ಅರ್ಧ ಟ್ಯಾಂಕ್, ಮೂಗು ಮೇಲೆ, ಮತ್ತದೇ ಕೀರಲು ಧ್ವನಿ. ಈ ಸಲ ಥ್ರಾಟಲ್ ಕೂಡಲೇ ಇಳಿಸಿದ್ದರಿಂದ ಎಂಜಿನ್ ಉಳಿಯಿತು. ಟ್ಯಾಂಕ್ ಇಳಿಸಿದ್ದರಿಂದ ಲೂಪ್ ಮಾತ್ರ ಎಷ್ಟೋ ನಯವಾಗಿದೆ. ಆದರೆ ಮೂಲ ರೋಗ ಹಾಗೆಯೇ ಇದೆ. ನೆಲದ ಮೇಲೆ ಮೂಗು ಎತ್ತಿ ಹಿಡಿದು ಪರೀಕ್ಷಿಸಿದಾಗ ಒಂದು ಬಾರಿಯೂ ನಿಲ್ಲದ ಎಂಜಿನ್ ಆಕಾಶದಲ್ಲಿ ಏಕೆ ನಿಲ್ಲುತ್ತದೆ ಎಂಬುದೇ ತಿಳಿಯುತ್ತಿಲ್ಲ.

ವೃತ್ತದಾರ, ಗುರುವಾರ ರಾತ್ರಿ

ಲೂಪ್ ನಯವಾಗಲು ಕಾರಣವಿದೆ. ಲೂಪ್‌ನಲ್ಲಿ ವಿಮಾನದ ಮೇಲೆ ಭೂಮಿಯ ಸೆಳೆತದ ನಾಲ್ಕೈದು ಪಟ್ಟು ಬಲ ಬೀಳುತ್ತದೆ. 22 ಮಿ.ಮೀ. ಎತ್ತರ ಆಗ 10 ಸೆಂ.ಮೀ. ಎತ್ತರದಂತೆ ವರ್ತಿಸುತ್ತದೆ. ಟ್ಯಾಂಕಿನ ಮಟ್ಟದ ಬಗ್ಗೆ ನಾವು ಇಷ್ಟು ಹಟ ಹಿಡಿಯುವುದು ಅದಕ್ಕೇ. ಒತ್ತಡದ ಅಳತೆಯನ್ನು ಒಪ್ಪುತ್ತೇನೆ. ನಿಮ್ಮ ಮಫ್ಲರ್ ತನ್ನ ಕೆಲಸವನ್ನು ಸರಿಯಾಗಿಯೇ ಮಾಡುತ್ತಿದೆ.

ಹಳೆಯ ಫಿಟ್ಟರ್, ಶುಕ್ರವಾರ ಬೆಳಿಗ್ಗೆ

ನೆಲದ ಪರೀಕ್ಷೆ ಮಾಡುವಾಗ ಟ್ಯಾಂಕ್ ಎಷ್ಟು ತುಂಬಿತ್ತು?

ರಾಗಿಹೊಲ, ಶುಕ್ರವಾರ ಬೆಳಿಗ್ಗೆ

ಪೂರ್ತಿ. ಹಾರಿಸುವ ಮೊದಲು ಮಾಡುವ ಪರೀಕ್ಷೆಯಲ್ಲವೇ ಸರ್.

ಹಳೆಯ ಫಿಟ್ಟರ್, ಶುಕ್ರವಾರ ಬೆಳಿಗ್ಗೆ

ಅಲ್ಲಿಯೇ ಇದೆ. ಟ್ಯಾಂಕಿನಲ್ಲಿ ಮೂರನೇ ಒಂದು ಭಾಗ ಮಾತ್ರ ಇಟ್ಟು ಅದೇ ಪರೀಕ್ಷೆ ಮಾಡಿ. ಮೂಗು ಎತ್ತಿ ಹತ್ತು ಎಣಿಸುವಷ್ಟು ಹೊತ್ತು ಹಿಡಿಯಿರಿ. ಹಿಡಿಯುವುದು ಒಬ್ಬರು, ನೋಡುವುದು ಇನ್ನೊಬ್ಬರು. ಎಂಜಿನ್ನನ್ನು ನೋಡಬೇಡಿ, ಕಾರ್ಬುರೇಟರ್‌ಗೆ ಹೋಗುವ ಟ್ಯೂಬನ್ನು ನೋಡಿ. ಅದರಲ್ಲಿ ಗುಳ್ಳೆ ಹರಿದರೆ ನನಗೆ ತಿಳಿಸಿ.

ಟ್ಯಾಂಕಿನೊಳಗೆ ಇಂಧನದ ಟ್ಯೂಬ್ ಸಿಕ್ಕಿಸಿರುವ ಹಿತ್ತಾಳೆ ಕೊಳವೆಯನ್ನು ಕತ್ತರಿಸಿದ ಮೇಲೆ ಅದರ ಬಾಯಿಯ ಅಂಚನ್ನು ನುಣ್ಣಗೆ ಉಜ್ಜಿದಿರಾ?

ನೀಲಿಹೊಗೆ, ಶುಕ್ರವಾರ ಮಧ್ಯಾಹ್ನ

ಫಿಟ್ಟರ್ ಸರ್ ಎತ್ತ ಕೈ ತೋರಿಸುತ್ತಿದ್ದಾರೆಂದು ಈಗ ತಿಳಿಯಿತು: ಕೊಳವೆಯ ಚೂಪು ಅಂಚು ಟ್ಯಾಂಕಿನೊಳಗಿನ ಟ್ಯೂಬನ್ನು ಸೀಳಿರಬಹುದು. ನಾನು ಒತ್ತಡದ ಹಿಂದೆಯೇ ಬಿದ್ದಿದ್ದೆ, ಇದು ನನಗೆ ಹೊಳೆದಿರಲಿಲ್ಲ. ಗುಳ್ಳೆಗೆ ಇನ್ನೊಂದು ಕಾರಣವೂ ಇರಬಹುದು: ಟ್ಯಾಂಕ್ ಕಟ್ಟಿಗೆಗೆ ನೇರವಾಗಿ ತಾಗುತ್ತಿದ್ದರೆ ಕಂಪನಕ್ಕೆ ಇಂಧನ ನೊರೆಯಾಗುತ್ತದೆ. ಸುತ್ತಲೂ ಸ್ಪಂಜು ಸುತ್ತಿದ್ದೀರಾ ನೋಡಿಕೊಳ್ಳಿ. ನೊರೆಯಾದರೆ ಗುಳ್ಳೆಗಳು ಸಾಸಿವೆ ಕಾಳಿಗಿಂತ ಸಣ್ಣವು, ಬೆಳ್ಳಗೆ ಕಾಣುತ್ತವೆ. ಟ್ಯೂಬ್ ಸೀಳಿದ್ದರೆ ಉದ್ದುದ್ದ ಗುಳ್ಳೆಗಳು ಒಂದರ ಹಿಂದೆ ಒಂದು ಬರುತ್ತವೆ.

ರಾಗಿಹೊಲ, ಭಾನುವಾರ ಮಧ್ಯಾಹ್ನ

ಸಿಕ್ಕಿತು!

ಮೂರನೇ ಒಂದು ಭಾಗ ಇಂಧನವಿಟ್ಟು ಮೂಗು ಎತ್ತಿದೆ. ನಾಲ್ಕು ಎಣಿಸುವಷ್ಟರಲ್ಲಿ ಮಗಳು ಕೂಗಿದಳು. ಟ್ಯೂಬಿನಲ್ಲಿ ಅಕ್ಕಿಕಾಳಿನಷ್ಟು ಉದ್ದದ ಗುಳ್ಳೆಗಳು ಸಾಲಾಗಿ ಬರುತ್ತಿದ್ದವು. ಅದರ ಬೆನ್ನಿಗೇ ಧ್ವನಿ ಕೀರಲಾಯಿತು. ಎಂಜಿನ್ ನಿಲ್ಲಿಸಿ ಟ್ಯಾಂಕ್ ಹೊರತೆಗೆದೆ.

ಕ್ಲಂಕ್‌ನ (ಟ್ಯಾಂಕಿನೊಳಗೆ ಇಂಧನ ಹೀರುವ ಟ್ಯೂಬಿನ ತುದಿಯ ಭಾರದ ಗುಂಡು) ಟ್ಯೂಬನ್ನು ಬೆರಳಲ್ಲಿ ಸವರಿದರೆ ಏನೂ ಗೊತ್ತಾಗಲಿಲ್ಲ. ಕ್ಲಂಕ್ ತುದಿಯನ್ನು ಬೆರಳಿನಿಂದ ಒತ್ತಿ ಹಿಡಿದು, ಬೋಗುಣಿಯ ನೀರಿನಲ್ಲಿ ಮುಳುಗಿಸಿ, ಇನ್ನೊಂದು ತುದಿಯಿಂದ ಸಿರಿಂಜಿನಲ್ಲಿ ಗಾಳಿ ತಳ್ಳಿದೆ. ರಬ್ಬರ್ ಬಿರಡೆಯ ಹತ್ತಿರ, ಸಿಲಿಕೋನ್ ಟ್ಯೂಬ್ ಹಿತ್ತಾಳೆ ಕೊಳವೆಗೆ ಏರುವ ಜಾಗದಲ್ಲಿ, ಒಂದೇ ಕಡೆಯಿಂದ ಗುಳ್ಳೆ ಬುಳುಬುಳು ಬಂತು. ಭೂತಗನ್ನಡಿಯಲ್ಲಿ ನೋಡಿದರೆ ಉಗುರಿನ ಗೀರಿನಂಥ ಸೀಳು. ಟ್ಯೂಬನ್ನು ಬಾಗಿಸಿದಾಗ ಮಾತ್ರ ಬಾಯಿ ತೆರೆಯುತ್ತದೆ. ಕೊಳವೆಯ ಅಂಚು ಬ್ಲೇಡಿನಂತೆ ಚೂಪಾಗಿತ್ತು. ಉಜ್ಜಿರಲಿಲ್ಲ ಸರ್.

ಹಳೆಯ ಫಿಟ್ಟರ್, ಭಾನುವಾರ ಸಂಜೆ

ಟ್ಯಾಂಕ್ ತುಂಬಿದ್ದಾಗ ಆ ಸೀಳು ಇಂಧನದಲ್ಲಿ ಮುಳುಗಿರುತ್ತದೆ. ಅಲ್ಲಿಂದ ಒಳಗೆ ಹೋದರೂ ಇಂಧನವೇ ಹೋಗುತ್ತದೆ, ತೊಂದರೆಯಿಲ್ಲ. ಅರ್ಧ ಖಾಲಿಯಾಗಿ ಮೂಗು ಎದ್ದಾಗ ಇಂಧನವೆಲ್ಲ ಹಿಂದಕ್ಕೆ ಸರಿಯುತ್ತದೆ, ಮುಂದಿರುವ ಸೀಳು ಹೊಗೆಗೆ ತೆರೆದುಕೊಳ್ಳುತ್ತದೆ. ಮಫ್ಲರ್ ಒತ್ತಡಕ್ಕೆ ಇಂಧನ ಯಾವುದು, ಹೊಗೆ ಯಾವುದು ಎಂಬ ಭೇದವಿಲ್ಲ. ದಾರಿ ಸಿಕ್ಕಿದ್ದನ್ನು ತಳ್ಳುತ್ತದೆ. ನೀವು ಆ ಪರಿಚಿತರ ಮಾತು ಕೇಳಿ ಒತ್ತಡ ಹೆಚ್ಚಿಸಿದ್ದರೆ ಆ ಸೀಳಿನಿಂದ ಇನ್ನಷ್ಟು ಹೊಗೆಯೇ ಕಾರ್ಬುರೇಟರ್‌ಗೆ ಹೋಗುತ್ತಿತ್ತು.

ಕೊಳವೆಯ ಅಂಚನ್ನು ಸಣ್ಣ ಅರದಿಂದ ಉಜ್ಜಿ, ಒಳಗಿನ ಚೂರನ್ನು ಊದಿ ತೆಗೆಯಿರಿ. ಹೊಸ ಟ್ಯೂಬ್ ಹಾಕುವಾಗ ಕ್ಲಂಕ್ ಟ್ಯಾಂಕಿನ ಹಿಂಗೋಡೆಗೆ ತಾಗದೆ ಮೇಲೆ ಕೆಳಗೆ ಸಲೀಸಾಗಿ ಆಡುವಷ್ಟು ಉದ್ದ ಇಡಿ. ತಾಗಿದರೆ ಅಂಟಿಕೊಳ್ಳುತ್ತದೆ.

ಕರಾವಳಿ ಹುಡುಗ, ಭಾನುವಾರ ರಾತ್ರಿ

ನೀಡಲ್ ಮುಚ್ಚಿದೆ, ನನ್ನ ಎಂಜಿನ್ ಸರಿಯಾಯಿತು, ಧನ್ಯವಾದ. ಇಂಧನ ತುಂಬುವ ಬಗ್ಗೆ ಒಂದು ಸಂಶಯ. ತುಂಬುವಾಗ ಮಫ್ಲರ್‌ನ ಟ್ಯೂಬ್ ಹಾಗೆಯೇ ಇರಲಿಯೇ, ಬಿಚ್ಚಬೇಕೇ?

ನೀಲಿಹೊಗೆ, ಭಾನುವಾರ ರಾತ್ರಿ

ಬಿಚ್ಚಿ. ಟ್ಯಾಂಕ್ ತುಂಬಿ ಉಕ್ಕಿದರೆ ಇಂಧನ ಆ ಟ್ಯೂಬಿನಿಂದಲೇ ಹೊರಬರುತ್ತದೆ. ಬಿಚ್ಚದಿದ್ದರೆ ಮಫ್ಲರ್‌ಗೆ ಹೋಗುತ್ತದೆ, ಅಲ್ಲಿಂದ ಸಿಲಿಂಡರ್‌ಗೂ ಇಳಿಯಬಹುದು. ದ್ರವವನ್ನು ಪಿಸ್ಟನ್ ಅದುಮಲಾರದು. ಆ ಸ್ಥಿತಿಯಲ್ಲಿ ಸ್ಟಾರ್ಟರ್ ಒತ್ತಿದರೆ ಕನೆಕ್ಟಿಂಗ್ ರಾಡ್ ಬಾಗುತ್ತದೆ. ಎಂಜಿನ್ ಕೈಯಲ್ಲಿ ತಿರುಗಿಸುವಾಗ ಬಿಗಿಯಾಗಿ ಕಂಡರೆ ಬಲ ಹಾಕದೆ ಪ್ಲಗ್ ಬಿಚ್ಚಿ ನೋಡಿ.

ಮೆಥನಾಲ್ ವಿಷ, ಚರ್ಮದಿಂದಲೂ ಒಳಗೆ ಇಳಿಯುತ್ತದೆ. ಹಗಲಿನಲ್ಲಿ ಅದರ ಉರಿ ಕಣ್ಣಿಗೆ ಕಾಣುವುದಿಲ್ಲ. ಕೈಗವಸು ಹಾಕಿಕೊಳ್ಳಿ, ಮಕ್ಕಳ ಕೈಗೆ ಡಬ್ಬ ಕೊಡಬೇಡಿ.

ಜಕ್ಕೂರು ದಾರಿ, ಸೋಮವಾರ ಬೆಳಿಗ್ಗೆ

ಪೆಟ್ರೋಲ್ ಎಂಜಿನ್ ಹಾಕಿರುವವರು ಇದನ್ನು ಓದಿ ಮಫ್ಲರ್‌ನಿಂದ ಟ್ಯಾಂಕಿಗೆ ಟ್ಯೂಬ್ ಎಳೆಯಬೇಡಿ. ಆ ಕಾರ್ಬುರೇಟರ್‌ಗಳಲ್ಲಿ ಕ್ರ್ಯಾಂಕ್‌ಕೇಸ್‌ನ ಮಿಡಿತಕ್ಕೆ ಆಡುವ ಪೊರೆಯ ಪಂಪ್ ಒಳಗೇ ಇರುತ್ತದೆ, ಹೊರಗಿನ ಒತ್ತಡ ಬೇಕಿಲ್ಲ. ಸಿಲಿಕೋನ್ ಟ್ಯೂಬ್ ಕೂಡ ಪೆಟ್ರೋಲಿಗೆ ಊದಿಕೊಂಡು ಕೆಡುತ್ತದೆ. ಬೇರೆ ಟ್ಯೂಬ್ ಕೇಳಿ ತನ್ನಿ.

ಹಾಗೆಯೇ, ನಗರದ ಸುತ್ತ ಎಚ್‌ಎಎಲ್, ಯಲಹಂಕ, ಜಕ್ಕೂರು, ದೇವನಹಳ್ಳಿ ಹೀಗೆ ನಾಲ್ಕು ಕಡೆ ರನ್‌ವೇಗಳಿವೆ. ಹೊಸ ಜಾಗದಲ್ಲಿ ಹಾರಿಸುವ ಮೊದಲು ಡ್ರೋನ್ ಹಾರಾಟಕ್ಕೆ ಎಲ್ಲಿ ನಿರ್ಬಂಧವಿದೆ ಎಂದು ತೋರಿಸುವ ಸರ್ಕಾರದ ಡಿಜಿಟಲ್ ಸ್ಕೈ ನಕ್ಷೆಯಲ್ಲಿ ಆ ಜಾಗ ಯಾವ ಬಣ್ಣದಲ್ಲಿದೆ ಎಂದು ನೋಡಿಕೊಳ್ಳಿ.

ರಾಗಿಹೊಲ, ಮುಂದಿನ ಭಾನುವಾರ ಸಂಜೆ

ಇಂದು ನಾಲ್ಕು ಬಾರಿ ಹಾರಿಸಿದೆ. ನಾಲ್ಕನೆಯದರಲ್ಲಿ ಬೇಕೆಂದೇ ಟ್ಯಾಂಕ್ ಕಾಲು ಭಾಗಕ್ಕೆ ಇಳಿಯುವವರೆಗೆ ಕಾದು, ಥ್ರಾಟಲ್ ಪೂರ್ತಿ ತೆರೆದು, ಮೂಗನ್ನು ನೇರ ಮೇಲಕ್ಕೆ ಎತ್ತಿದೆ. ಧ್ವನಿಯಲ್ಲಿ ಒಂದು ಎಳೆಯೂ ಬದಲಾಗಲಿಲ್ಲ. ಮೊದಲು ಹೆಚ್ಚು ತೆರೆದಿಟ್ಟಿದ್ದ ನೀಡಲ್ ಅನ್ನು ಎರಡು ಕಚ್ಚು ಮುಚ್ಚಿದ್ದೇನೆ. ಟ್ಯಾಕೋಮೀಟರ್‌ನಲ್ಲಿ ಗರಿಷ್ಠ ವೇಗ ನೋಡಿ, ಅದಕ್ಕಿಂತ ನಿಮಿಷಕ್ಕೆ 400 ಸುತ್ತು ಕಡಿಮೆಯಾಗುವಂತೆ ನಿಲ್ಲಿಸಿದ್ದೇನೆ.

ಹಾರಾಟ ಮುಗಿದ ಮೇಲೆ ಟ್ಯಾಂಕ್ ಬರಿದು ಮಾಡಿ, ಟ್ಯೂಬ್ ಬಿಚ್ಚಿ, ಎಂಜಿನ್‌ನಲ್ಲಿ ಉಳಿದ ಇಂಧನ ಸುಟ್ಟುಹೋಗುವವರೆಗೆ ಓಡಿಸಿ, ಬೇರಿಂಗ್‌ಗೆ ಎಣ್ಣೆ ಬಿಟ್ಟೆ.

ಹಳೆಯ ಫಿಟ್ಟರ್, ಭಾನುವಾರ ರಾತ್ರಿ

ಸಂತೋಷ. ಮುರಿದ ಚಕ್ರದ ಕಾಲಿಗೆ ಎಷ್ಟು ದಪ್ಪದ ತಂತಿ ಹಾಕಿದಿರಿ?

ರಾಗಿಹೊಲ, ಭಾನುವಾರ ರಾತ್ರಿ

4 ಮಿ.ಮೀ. ಪಿಯಾನೋ ತಂತಿ ಸರ್. ಎಚ್‌ಟಿ-2ರ ಕಾಲಿಗೆ ಇರುವ ಹೊದಿಕೆಯನ್ನು ತಗಡಿನಲ್ಲಿ ಮಾಡುತ್ತಿದ್ದೇನೆ. ತಂದೆಯವರ ಹಳೆಯ ಮರದ ಸುತ್ತಿಗೆ ಇನ್ನೂ ಮನೆಯಲ್ಲಿದೆ.